ಹೊಟ್ಟು ಹಾಸಿದ ಗೋದಾಮು

ವಿದ್ಯಾನಗರ, ಹುಬ್ಬಳ್ಳಿ
12 ಫೆಬ್ರುವರಿ 2024

ಶ್ರೀಮತಿ ರತ್ನವ್ವ ಅವರಿಗೆ,

ನಾಲ್ಕು ದಿನಗಳಲ್ಲಿ ಒಂಬತ್ತು ಸಲ ಫೋನು ಮಾಡಿದೆ, ನೀವು ಎತ್ತಲಿಲ್ಲ. ಹಾಗಾಗಿ ರಿಜಿಸ್ಟರ್ ಅಂಚೆಯಲ್ಲಿ ಬರೆಯುತ್ತಿದ್ದೇನೆ. ಸಹಿ ಹಾಕಿ ಇಸಿದುಕೊಂಡ ಕಾಗದವನ್ನು ಮುಟ್ಟಿಲ್ಲ ಎನ್ನಲು ಬರುವುದಿಲ್ಲ.

ಸರಕಾರಿ ಪ್ರಯೋಗಾಲಯದಿಂದ ನಿವೃತ್ತಿಯಾದ ಮೇಲೂ ವಾರಕ್ಕೆ ಮೂರು ದಿನ ನಾನು ಇಲ್ಲಿನ ಖಾಸಗಿ ಪ್ರಯೋಗಾಲಯಕ್ಕೆ ಹೋಗುವುದು ನಿಮಗೆ ಗೊತ್ತಿದೆ. ಹೋದ ವಾರ ಕಲ್ಲುಕ್ವಾರಿಯ ಮಾಲಿಕರೊಬ್ಬರು ಬಂಡೆ ಸಿಡಿಸಲು ಒಯ್ದಿದ್ದ ಅಮೋನಿಯಂ ನೈಟ್ರೇಟಿನ ಚೀಲವೊಂದನ್ನು ತಂದಿಟ್ಟು, "ಮೇಡಮ್ಮಾರ, ಇದರಾಗ ಹೊಟ್ಟು ಬರಾಕತ್ತೈತಿ, ಏನಂತ ನೋಡ್ರಿ" ಎಂದರು. ಚೀಲದ ಮೇಲೆ ನಿಮ್ಮ ಗಬ್ಬೂರ ಗೋದಾಮಿನ ಮುದ್ರೆ ಇತ್ತು. ಒಳಗೆ ಮುಷ್ಟಿಗಾತ್ರದ ಹೆಂಟೆಗಳು. ಒಡೆದು ಭೂತಗನ್ನಡಿಯಲ್ಲಿ ನೋಡಿದೆ. ಶೇಂಗಾ ಹೊಟ್ಟಿನ ಪುಡಿ, ಒಣಗಿದ ಬೇವಿನ ಎಲೆ.

ಅದರಲ್ಲಿ ಚಿಟಿಕೆಗಿಂತ ಕಡಿಮೆ ತೆಗೆದು, ಬೆರಳುಗುರಿನಷ್ಟು ಅಗಲದ ತಗಡಿನ ಬಟ್ಟಲಲ್ಲಿಟ್ಟು ಯಂತ್ರದಲ್ಲಿ ನಿಧಾನವಾಗಿ ಕಾಯಿಸಿದೆ. ಪಕ್ಕದಲ್ಲಿ ಶುದ್ಧ ನೈಟ್ರೇಟ್ ಇಟ್ಟುಕೊಂಡೆ. ಶುದ್ಧವಾದದ್ದು ಕರಗಿ, ಇನ್ನೂರು ಡಿಗ್ರಿ ದಾಟುವವರೆಗೂ ತಂಟೆ ಮಾಡಲಿಲ್ಲ. ನಿಮ್ಮದು ಅದಕ್ಕಿಂತ ಬಹಳ ಮೊದಲೇ ತಾನಾಗಿ ಬಿಸಿ ಕಾರತೊಡಗಿತು. ನಾಲ್ಕು ಸಲ ಮಾಡಿದೆ, ನಾಲ್ಕು ಸಲವೂ ಅದೇ.

ನೈಟ್ರೇಟ್ ಒಂದೇ ಇದ್ದಾಗ ಗಟ್ಟಿ ಜೀವದ ವಸ್ತು. ಹೊಟ್ಟು, ಎಲೆ, ಎಣ್ಣೆ, ಕಟ್ಟಿಗೆಪುಡಿ ಸೇರಿದರೆ ಅದರ ತಾಳ್ಮೆ ಹೋಗುತ್ತದೆ. ನನ್ನ ಬಟ್ಟಲಲ್ಲಿದ್ದದ್ದು ಚಿಟಿಕೆ, ಬೇಗ ತಣಿಯಿತು. ನಿಮ್ಮ ಗೋದಾಮಿನಲ್ಲಿರುವುದು ರಾಶಿ, ಅದು ಬಿಸಿಯನ್ನು ಹೊಟ್ಟೆಯೊಳಗೇ ಇಟ್ಟುಕೊಳ್ಳುತ್ತದೆ. ಆ ಗೋದಾಮಿನ ಗೋಡೆಗೆ ಆತುಕೊಂಡ ಮನೆಯಲ್ಲೇ ನಿಮ್ಮ ಹಮಾಲ ಮಕ್ತುಮಸಾಬ ಮತ್ತು ಅವನ ಹೆಂಡತಿ ಮಾಬುಬಿ ಇದ್ದಾರೆ.

ಎರಡು ಕೆಲಸ ಮಾಡಿಸಿ. ಗೋದಾಮಿನ ನೆಲಕ್ಕೆ ಹೊಟ್ಟು ಹಾಸಿದ್ದೀರೆಂದು ಕ್ವಾರಿಯವರು ಹೇಳಿದರು, ಅದನ್ನು ತೆಗೆಸಿ. ಆ ಗಂಡ-ಹೆಂಡತಿಗೆ ಬೇರೆ ಕಡೆ ಮನೆ ನೋಡಿ. ಬೇಸಿಗೆ ಬರುವ ಮೊದಲೇ ಆಗಬೇಕು.

ಇಂತಿ,
ಡೋರಾ ಐಸಾಕ

◆

ಶ್ರೀ ಗುರುಬಸವಲಿಂಗಾಯ ನಮಃ

ಗಬ್ಬೂರ
20 ಫೆಬ್ರುವರಿ 2024

ಡೋರಾ,

"ಶ್ರೀಮತಿ ರತ್ನವ್ವ ಅವರಿಗೆ" ಎಂಬುದನ್ನು ಓದಿ ಯಾವುದೋ ಕೋರ್ಟಿನ ನೋಟೀಸು ಬಂತೆಂದು ಹೆದರಿದೆ. ಐದನೇ ಇಯತ್ತೆಯಿಂದ ಹತ್ತನೇ ಇಯತ್ತೆಯವರೆಗೆ ಧಾರವಾಡದ ಮಿಶನ್ ಸಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು, ನನ್ನ ಡಬ್ಬಿಯ ಶೇಂಗಾ ಹಿಂಡಿ ತಿಂದು ಬೆಳೆದವಳು ನೀನು. ಈಗ ನಾನು ಶ್ರೀಮತಿಯಾದೆ. ಆಗಲಿ, ನಿನ್ನಿಂದ ಸಿಕ್ಕ ಮರ್ಯಾದೆಯನ್ನು ಯಾಕೆ ಬಿಡಲಿ?

ಫೋನು ಯಾಕೆ ಎತ್ತಲಿಲ್ಲ ಎಂದು ಕೇಳಿದ್ದಿ. ನನ್ನ ಯಜಮಾನರು ಹೋಗಿ ಮೂರು ವರ್ಷವಾಯಿತು. ಹೆಣ ಎತ್ತುವ ಹೊತ್ತಿಗೆ ಹಾದಿ ನೋಡಿದೆ, ನೀನು ಬರಲಿಲ್ಲ. ಮೊಬೈಲಿನಲ್ಲಿ ಕೈಮುಗಿದ ಚಿತ್ರವೊಂದು ಬಂತು. ಅಷ್ಟಕ್ಕೇ ಮುಗಿಸಿದವಳ ಫೋನನ್ನು ಎತ್ತಲು ನನಗೇನು ಬೇರೆ ಕೆಲಸವಿಲ್ಲವೇ?

ಇನ್ನು ಹೊಟ್ಟಿನ ಮಾತು. ನಮ್ಮ ಮಾವನವರು ಜೋಳ, ಹತ್ತಿಕಾಳು ತುಂಬುತ್ತಿದ್ದ ಕಾಲದಿಂದ ಆ ನೆಲಕ್ಕೆ ಹೊಟ್ಟು ಬಿದ್ದಿದೆ. ಕರಿಮಣ್ಣಿನ ಊರು ಇದು, ಮಳೆಗಾಲದಲ್ಲಿ ನೆಲ ಬೆವರುತ್ತದೆ. ನಾಲ್ಕು ಬೆರಳು ದಪ್ಪ ಹೊಟ್ಟು ಹಾಸಿ ಮೇಲೆ ಚೀಲ ಒಟ್ಟಿದರೆ ತಳದ ಚೀಲ ಕೂಡ ಒಣಗಿರುತ್ತದೆ. ನಡುನಡುವೆ ಬೇವಿನ ಸೊಪ್ಪು ತುರುಕುವುದು ಹುಳ ಬರದಿರಲಿ ಎಂದು. ನೈಟ್ರೇಟಿಗೆ ಹುಳ ಬೀಳುವುದಿಲ್ಲ ಎಂದು ನನಗೂ ಗೊತ್ತು. ಆದರೆ ಮಕ್ತುಮಸಾಬ "ಇರವಲ್ದ್ಯಾಕ ಬಿಡ್ರಿ ಅಕ್ಕಾರ, ಸೊಪ್ಪ ಹಾಕದ ಚೀಲಾ ಒಟ್ಟಾಕ ಕೈ ಬರೂದಿಲ್ಲ" ಎನ್ನುತ್ತಾನೆ. ಇಪ್ಪತ್ತೆಂಟು ವರ್ಷದಿಂದ ಆ ಗೋದಾಮು ಕಾಯುತ್ತಿದ್ದಾನೆ. ಅವನ ಮನೆ ಕಿತ್ತು ಎಲ್ಲಿಗೆ ಕಳಿಸಲಿ, ನಿನ್ನ ವಿದ್ಯಾನಗರಕ್ಕೋ?

ಮತ್ತೊಂದು ಮಾತು. ಆರು ವರ್ಷದ ಹಿಂದೆ ನಮಗೆ ಲೈಸನ್ಸು ಬಂದದ್ದು "ಗೋದಾಮು ಪರಿಶೀಲಿಸಿದ್ದೇನೆ, ನೆಲ ಸ್ವಚ್ಛವಾಗಿದೆ, ದಾಸ್ತಾನಿಗೆ ಯೋಗ್ಯವಾಗಿದೆ" ಎಂಬ ಪ್ರಮಾಣಪತ್ರದ ಮೇಲೆ. ಅದರ ಕೆಳಗೆ ಯಾರ ಸಹಿ ಇದೆ ಎಂದು ಹೇಳಬೇಕಾಗಿಲ್ಲ. ಅವತ್ತೂ ಹೊಟ್ಟು ಇತ್ತು. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ!

ರತ್ನವ್ವ

◆

ವಿದ್ಯಾನಗರ, ಹುಬ್ಬಳ್ಳಿ
4 ಮಾರ್ಚ್ 2024

ರತ್ನಾ,

ಸರಿ, ಶ್ರೀಮತಿ ಬಿಟ್ಟೆ. ನಿನಗೆ ಅದು ಹೆಚ್ಚೇ ಆಗಿತ್ತು.

ನೀನು ಜೋಳದ ಬುದ್ಧಿಯಿಂದ ನೈಟ್ರೇಟ್ ಮಾರುತ್ತಿದ್ದಿ. ಜೋಳಕ್ಕೆ ಶತ್ರು ತೇವ, ಹುಳ. ಇದಕ್ಕೆ ಶತ್ರು ಹೊಟ್ಟೇ. ಇದರ ಗುಣ ಉರಿಯುವುದಲ್ಲ, ಉರಿಯುವವರಿಗೆ ಉಸಿರು ಕೊಡುವುದು. ಹೊಟ್ಟಿಗೆ ಬೆಂಕಿ ಬಿದ್ದರೆ ನೀರು ಹಾಕಿ, ಗೋಣಿತಾಟು ಮುಚ್ಚಿ ಆರಿಸಬಹುದು. ನೈಟ್ರೇಟ್ ಬೆರೆತ ಹೊಟ್ಟಿಗೆ ಗೋಣಿತಾಟು ಮುಚ್ಚಿದರೂ ಆರುವುದಿಲ್ಲ, ಒಳಗಿನಿಂದಲೇ ಅದಕ್ಕೆ ಉಸಿರು ಸಿಗುತ್ತದೆ.

ಹೆಂಟೆ ಯಾಕೆ ಕಟ್ಟುತ್ತದೆ ಎಂದು ಯಾವತ್ತಾದರೂ ಕೇಳಿದ್ದಿಯಾ? ಮೂವತ್ತೆರಡು ಡಿಗ್ರಿಗೆ ಈ ಹರಳು ತನ್ನ ಆಕಾರ ಬದಲಿಸುತ್ತದೆ, ಹಿಗ್ಗುತ್ತದೆ. ತಂಪಾದರೆ ಮತ್ತೆ ಕುಗ್ಗುತ್ತದೆ. ನಮ್ಮೂರಲ್ಲಿ ಮಾರ್ಚಿನಿಂದ ಮೇವರೆಗೆ ದಿನಾ ಮಧ್ಯಾಹ್ನ ಮೂವತ್ತೆರಡು ದಾಟಿ ರಾತ್ರಿ ಇಳಿಯುತ್ತದೆ. ದಿನಕ್ಕೊಂದು ಸಲ ಹಿಗ್ಗಿ ಕುಗ್ಗಿ ಹರಳು ಪುಡಿಯಾಗಿ, ಮತ್ತೆ ಬೆಸೆದುಕೊಂಡು ಕಲ್ಲಾಗುತ್ತದೆ. ಆ ಕಲ್ಲನ್ನು ಮಕ್ತುಮಸಾಬ ಹಾರೆಯಿಂದ ಕುಟ್ಟುತ್ತಾನೆ ಎಂದು ಕ್ವಾರಿಯವರು ಹೇಳಿದರು. ಓದಿ ನನ್ನ ಮೇಲೆ ಸಿಟ್ಟು ಮಾಡು, ಅಡ್ಡಿಯಿಲ್ಲ. ಆದರೆ ಆ ಹಾರೆಯನ್ನು ಇವತ್ತೇ ಕಸಿದುಕೊ.

ಹೆಣ ಎತ್ತುವಾಗ ಬರಲಿಲ್ಲ ಎಂದೆ. ಬೆಳಗಾವಿಯಲ್ಲಿ ಪರೀಕ್ಷಾ ಕೆಲಸಕ್ಕೆ ಹಾಕಿದ್ದರು, ಬಿಟ್ಟು ಬರುವಷ್ಟು ಧೈರ್ಯ ಆಗಲಿಲ್ಲ. ಮೂರು ದಿನದ ಮೇಲೆ ಬರಬಹುದಿತ್ತು. ತಡವಾಯಿತಲ್ಲ ಎಂಬ ನಾಚಿಕೆಗೆ ಬರಲಿಲ್ಲ. ಆಮೇಲೆ ನಾಚಿಕೆ ಬೆಳೆಯುತ್ತಲೇ ಹೋಯಿತು. ಇದಕ್ಕಿಂತ ಹೆಚ್ಚು ಹೇಳಲಾರೆ.

ಪ್ರಮಾಣಪತ್ರದ ವಿಷಯ. ಮಾರ್ಚ್ ಮೂವತ್ತೊಂದರೊಳಗೆ ನೆಲ ಸ್ವಚ್ಛವಾಗದಿದ್ದರೆ ಲೈಸನ್ಸು ಕಚೇರಿಗೆ ಬರೆದು ಅದನ್ನು ಹಿಂದೆಗೆದುಕೊಳ್ಳುತ್ತೇನೆ. ಇದನ್ನು ಬೆದರಿಕೆ ಎಂದುಕೊಂಡರೆ ಹಾಗೇ ಅಂದುಕೊ.

ಡೋರಾ

◆

ಶ್ರೀ ಗುರುಬಸವಲಿಂಗಾಯ ನಮಃ

ಗಬ್ಬೂರ
13 ಮಾರ್ಚ್ 2024

ಡೋರಾ,

ಹಿಂದೆಗೆದುಕೊ. ಅವಶ್ಯ ಹಿಂದೆಗೆದುಕೊ. ಕಚೇರಿಯ ವಿಳಾಸ ಬೇಕಿದ್ದರೆ ನಾನೇ ಚೀಟಿಯಲ್ಲಿ ಬರೆದು ಕಳಿಸುತ್ತೇನೆ.

ಆದರೆ ಬರೆಯುವಾಗ ಪೂರ್ತಿ ಬರೆ. ಅವತ್ತು ಗೋದಾಮಿನ ಒಳಗೆ ಎಷ್ಟು ಹೆಜ್ಜೆ ಇಟ್ಟಿದ್ದಿ? ನನಗೆ ನೆನಪಿದೆ, ನಿನಗೂ ಇರಬೇಕು. ನಮ್ಮ ಯಜಮಾನರು "ಬಾ ಡೋರಾ ಅಕ್ಕಾ, ಒಳಗ ನೋಡ ಬಾ" ಎಂದು ಬಾಗಿಲು ತೆಗೆದರು. ನೀನು ಹೊಸ ಚಪ್ಪಲಿ ನೋಡಿಕೊಂಡು, "ಶಶಿಕಾಂತ, ನೀ ಹೇಳಿದ್ರ ಮುಗೀತು, ನಾ ಏನ ನೋಡ್ಲಿ" ಎಂದೆ. ಆಫೀಸಿನ ಫ್ಯಾನಿನ ಕೆಳಗೆ ಕೂತು ಗಿರಮಿಟ್ಟು, ಮೆಣಸಿನಕಾಯಿ ಭಜಿ ತಿಂದು, ಕೈ ಒರೆಸಿಕೊಂಡು ಸಹಿ ಮಾಡಿದೆ. ಭಜಿಯ ಎಣ್ಣೆ ಆ ಕಾಗದದ ಮೂಲೆಗೆ ಇವತ್ತಿಗೂ ಇದೆ. ಹೋಗುವಾಗ ಅವರು ಕೊಟ್ಟ ಇಳಕಲ್ಲ ಸೀರೆಯನ್ನು ಬೇಡ ಬೇಡ ಎನ್ನುತ್ತಲೇ ಚೀಲಕ್ಕೆ ಹಾಕಿಕೊಂಡೆ. ಸಹಿಗೊಂದು ಸೀರೆ. ಅದನ್ನೂ ಬರೆ.

ಮೂವತ್ತೈದು ವರ್ಷ ಪ್ರಯೋಗಾಲಯದಲ್ಲಿ ತೂಕ ಮಾಡಿದವಳಿಗೆ ತನ್ನ ತೂಕ ಎಷ್ಟೆಂದು ಗೊತ್ತಾಗುವುದು ಒಳ್ಳೆಯದೇ. ನಿಮ್ಮ ಚರ್ಚಿನ ಕಮಿಟಿಯಲ್ಲಿ ನೀನು ಈಗ ಏನೋ ದೊಡ್ಡ ಹುದ್ದೆಯಲ್ಲಿದ್ದಿಯಂತೆ. ಅವರಿಗೂ ಒಂದು ಪ್ರತಿ ಕಳಿಸು.

ಹಾರೆ ಕಸಿದುಕೊಂಡಿದ್ದೇನೆ. ಈಗ ಕಟ್ಟಿಗೆಯ ಕೊಡತಿಯಿಂದ ಬಡಿಯುತ್ತಾನೆ. ನೀನು ಹೇಳಿದೆ ಎಂದು ಅಲ್ಲ, ಸಪ್ಪಳ ತಲೆನೋವು ತರುತ್ತಿತ್ತು.

ರತ್ನವ್ವ

◆

ವಿದ್ಯಾನಗರ, ಹುಬ್ಬಳ್ಳಿ
25 ಮಾರ್ಚ್ 2024

ರತ್ನವ್ವ,

ಸೀರೆಯನ್ನು ಇದರ ಜೊತೆಗೇ ಪಾರ್ಸಲ್ ಮಾಡಿದ್ದೇನೆ. ಎರಡು ಸಲ ಉಟ್ಟಿದ್ದೆ. ಎರಡೂ ಸಲ ಒಗೆದು ಇಸ್ತ್ರಿ ಮಾಡಿಸಿದೆ. ರಸೀದಿ ಸೆರಗಿನ ಗಂಟಿನಲ್ಲಿದೆ.

ಇನ್ನು ಮೇಲೆ ನನಗೆ ಫೋನು ಮಾಡಬೇಡ. ನಿನ್ನ ದನಿ ಕೇಳುವ ಆಸೆ ನನಗಿಲ್ಲ. ಏನಿದ್ದರೂ ಬರೆ.

ನನ್ನ ಮೇಲೆ ಎಷ್ಟು ಬೇಕಾದರೂ ಉಗುಳು. ಆದರೆ ಬೇಸಿಗೆ ಬಂದಿದೆ. ನಿನ್ನೆ ಬೈಪಾಸಿನಲ್ಲಿ ಬಸ್ಸಿನ ಕಿಟಕಿಯಿಂದ ನಿನ್ನ ಗೋದಾಮು ನೋಡಿದೆ. ತಗಡಿನ ಮೇಲ್ಚಾವಣಿ ಕಣ್ಣಿಗೆ ಹೊಡೆಯುತ್ತಿತ್ತು. ಮಾಬುಬಿ ಗೋಡೆಯ ನೆರಳಿನಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಆ ಗೋಡೆಯ ಆಚೆ ಏನಿದೆ ಎಂದು ಅವಳಿಗೆ ಯಾರಾದರೂ ಹೇಳಿದ್ದೀರಾ?

ಹೊಟ್ಟನ್ನು ಗುಡಿಸಿ ತೆಗೆಸು. ಒಂದು ಎಳೆ ಉಳಿಯಬಾರದು. ನನ್ನ ಕೊನೆಯ ಮಾತು ಇಷ್ಟೇ.

ಡೋರಾ

◆

ಶ್ರೀ ಗುರುಬಸವಲಿಂಗಾಯ ನಮಃ

ಗಬ್ಬೂರ
16 ಏಪ್ರಿಲ್ 2024

ಡೋರಾ,

ಮಾರ್ಚ್ ಮೂವತ್ತೊಂದು ಹೋಯಿತು, ಯುಗಾದಿಯೂ ಹೋಯಿತು. ಲೈಸನ್ಸು ಕಚೇರಿಯಿಂದ ಯಾರೂ ಬಾಗಿಲು ಬಡಿಯಲಿಲ್ಲ. ನೀನು ಬರೆಯುವುದಿಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು. ಸಾಲೆಯಲ್ಲಿಯೂ ಹಾಗೇ, ಟೀಚರಿಗೆ ಹೇಳುತ್ತೇನೆ ಹೇಳುತ್ತೇನೆ ಎಂದು ವರ್ಷವಿಡೀ ಹೆದರಿಸುತ್ತಿದ್ದಿ, ಒಂದು ದಿನವೂ ಹೇಳಲಿಲ್ಲ.

ಆದರೂ ಗುಡಿಸಿ ತೆಗೆಸಿದೆ. ನಿನ್ನ ಸಲುವಾಗಿ ಅಲ್ಲ. ಯುಗಾದಿ ಪಾಡ್ಯದ ಮುಂಚೆ ಒಂದು ಮಧ್ಯಾಹ್ನ ಒಳಗೆ ಹೋಗಿ ತಳದ ಸಾಲಿನ ಹೊಟ್ಟಿಗೆ ಕೈ ಹಾಕಿದೆ. ನೀನು ಬರೆದದ್ದು ತಲೆಯಲ್ಲಿ ಕೂತಿತ್ತೋ, ಖರೇನೇ ಬೆಚ್ಚಗಿತ್ತೋ ತಿಳಿಯಲಿಲ್ಲ. ಅಂತೂ ಕೈ ಹಿಂದೆ ತೆಗೆದೆ. ಅವತ್ತೇ ಗುಡಿಸಲು ಹೇಳಿದೆ.

ಮಕ್ತುಮಸಾಬ ರೋಜಾ ಹಿಡಿದಿದ್ದ. ನೀರು ಕುಡಿಯದೆ ಆರು ದಿನ ಚೀಲ ಈ ಕಡೆಯಿಂದ ಆ ಕಡೆಗೆ ಹೊತ್ತು, ಮೂಲೆಮೂಲೆ ಗುಡಿಸಿದ. ಏಳು ಚೀಲ ತುಂಬಿತು. ನೆಲದ ಕಲ್ಲು ಕಾಣುತ್ತಿದೆ. ನಾನು ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಆ ಕಲ್ಲು ನೋಡಿದ್ದು ಇದೇ ಮೊದಲು.

ನಿನ್ನ ಸೀರೆಯನ್ನು ಈದಿಗೆ ಮಾಬುಬಿಗೆ ಕೊಟ್ಟೆ. ಅವಳಿಗೆ ಒಪ್ಪುತ್ತದೆ. ನಿನಗೆ ಆ ಬಣ್ಣ ಯಾವತ್ತೂ ಒಪ್ಪಿರಲಿಲ್ಲ.

ರತ್ನವ್ವ

◆

ವಿದ್ಯಾನಗರ, ಹುಬ್ಬಳ್ಳಿ
24 ಏಪ್ರಿಲ್ 2024

ರತ್ನವ್ವ,

ಎರಡು ತಿಂಗಳು ಗಂಟಲು ಹರಿದುಕೊಂಡ ಮೇಲೆ ಬುದ್ಧಿ ಬಂತಲ್ಲ. ಯಾರ ಸಲುವಾಗಿ ಗುಡಿಸಿದೆ ಎಂಬುದು ನನಗೆ ಬೇಕಿಲ್ಲ. ನಾನು ಹೇಳಿದ್ದೇ ಸರಿಯಾಗಿತ್ತು ಎಂಬುದು ನಿನಗೆ ಗೊತ್ತಾದರೆ ಸಾಕು.

ನೆಲ ಸ್ವಚ್ಛವಾಯಿತೆಂದರೆ ನನ್ನ ಪ್ರಮಾಣಪತ್ರ ಈಗ ನಿಜವಾಯಿತು. ಹಾಗಾಗಿ ಕಚೇರಿಗೆ ಬರೆಯುವ ಮಾತು ಇನ್ನಿಲ್ಲ. ಆ ವಿಷಯವನ್ನು ನೀನೂ ಎತ್ತಬೇಡ.

ಬಣ್ಣದ ಮಾತು ಬೇಡ. ನಿನ್ನ ಮದುವೆಗೆ ನೀನು ಉಟ್ಟಿದ್ದ ಗಿಳಿಹಸಿರು ಇನ್ನೂ ನನ್ನ ಕಣ್ಣು ಚುಚ್ಚುತ್ತಿದೆ.

ಡೋರಾ

◆

ಗಬ್ಬೂರ
9 ಮೇ 2024

ಡೋರಾ,

ಮಕ್ತುಮಸಾಬ ಸತ್ತ. ಹೋದ ಶುಕ್ರವಾರ, ಮೂರನೇ ತಾರೀಖು ಬೆಳಿಗ್ಗೆ.

ಹೇಗೆ ಎಂದು ಹೇಳುತ್ತೇನೆ, ಕೇಳು. ನಿನ್ನ ಒಂದು ಎಳೆಯೂ ಉಳಿಯಬಾರದೆಂಬ ಹೊಟ್ಟು ಏಳು ಚೀಲ ಆಯಿತು ಎಂದು ಬರೆದಿದ್ದೆನಲ್ಲ, ಆ ಏಳು ಚೀಲ ಎಲ್ಲಿಗೆ ಹೋದವು ಎಂದು ನೀನು ಕೇಳಲಿಲ್ಲ. ನಾನೂ ಹೇಳಲಿಲ್ಲ, ಹೇಳುವಂಥದ್ದು ಎಂದು ಗೊತ್ತಿದ್ದರೆ ತಾನೇ? ನಮ್ಮ ಗೋದಾಮಿನಲ್ಲಿ ನೆಲ ಗುಡಿಸಿದಾಗ ಬಂದದ್ದು ಗುಡಿಸಿದವನ ಹಕ್ಕು. ಜೋಳದ ಕಾಲದಿಂದ ಹಾಗೆಯೇ ನಡೆದಿದೆ. ಚೆಲ್ಲಿದ ಕಾಳನ್ನು ಮಾಲಿಕ ಮರಳಿ ಮುಟ್ಟಿದರೆ ಮನೆಗೆ ಒಳ್ಳೆಯದಲ್ಲ ಎಂದು ಮಾವನವರು ಹೇಳುತ್ತಿದ್ದರು. ಮಕ್ತುಮಸಾಬ ಏಳೂ ಚೀಲದ ಬಾಯಿ ಹೊಲಿದು ಬಂದು, "ಅಕ್ಕಾರ, ಇದು ನಂದಽ ಹೌದಲ್ರಿ?" ಎಂದು ಕೇಳಿದ. "ಅದನ್ನೇನ ಕೇಳ್ತಿಯೋ, ಯಾವತ್ತಿದ್ರೂ ನಿಂದಽ" ಎಂದೆ. ಹೊಟ್ಟು, ಒಡೆದ ಚೀಲದಿಂದ ಚೆಲ್ಲಿದ ನೈಟ್ರೇಟು, ಬೇವಿನ ಸೊಪ್ಪು ಎಲ್ಲ ಬೆರೆತದ್ದು. ಛಲೋ ಗೊಬ್ಬರ ಆಗುತ್ತದೆ, ಸುಳ್ಳ ಗ್ರಾಮದಲ್ಲಿರುವ ತಮ್ಮನ ಹೊಲಕ್ಕೆ ಹಾಕಿಸುತ್ತೇನೆ ಎಂದು ಖುಷಿಯಲ್ಲಿದ್ದ. ಟೆಂಪೊ ಸಿಗುವವರೆಗೆ ಇರಲಿ ಎಂದು ತನ್ನ ಮನೆಯೊಳಗೇ ಒಟ್ಟಿಕೊಂಡ. ಒಂದು ಕಡೆ ತಗಡು, ಒಂದು ಕಡೆ ಮಾಬುಬಿಯ ಒಲೆ.

ಗುರುವಾರ ಮಧ್ಯಾಹ್ನ ಮೂರರ ಮೇಲೆ ಒಲೆಯ ಕಡೆಯ ಚೀಲ ಹೊಗೆಯಾಡತೊಡಗಿತು. ಬೆಂಕಿ ಕಾಣಲಿಲ್ಲ. ಕಂದು ಹೊಗೆ, ಕೆಮ್ಮಣ್ಣು ಕದಡಿದ ಬಣ್ಣ, ಸುಯ್ ಎನ್ನುವ ಸಪ್ಪಳ. ಮಾಬುಬಿ ಚೀರಿದ್ದು ನಮ್ಮ ಮನೆವರೆಗೆ ಕೇಳಿತು. ನಾನು ಓಡಿ ಬರುವಷ್ಟರಲ್ಲಿ ಅವಳನ್ನು ಹೊರಗೆ ತಳ್ಳಿ, ಮುಖಕ್ಕೆ ಟವೆಲ್ ಸುತ್ತಿಕೊಂಡು ಅವನು ಒಳಗೆ ಹೋಗಿದ್ದ. ಆ ಚೀಲವನ್ನು ಅಂಗಳಕ್ಕೆ ಎಳೆದು ತಂದ. ಪಕ್ಕದ್ದೂ ಹತ್ತಿಕೊಂಡಿತ್ತು, ಅದನ್ನೂ ಎಳೆದ. ಮೂರನೇ ಸಲ ಹೋಗಿ ಉಳಿದ ಐದಕ್ಕೂ ನೀರು ಸುರಿದ. ಗೋಡೆಯ ಆಚೆಯ ಒಂದು ಚೀಲಕ್ಕೂ ಬಿಸಿ ತಟ್ಟಲಿಲ್ಲ. ತಟ್ಟಿದ್ದರೆ ಗಬ್ಬೂರಿನ ಕಥೆ ಏನಾಗುತ್ತಿತ್ತೋ ನಿನಗೇ ಗೊತ್ತು.

ಆಮೇಲೆ ಕಟ್ಟೆಯ ಮೇಲೆ ಕೂತು ನಕ್ಕ. "ಏನೂ ಆಗಿಲ್ರಿ ಅಕ್ಕಾರ, ಗಂಟಲಾ ಸ್ವಲ್ಪ ಉರಿಯಾಕತ್ತೈತಿ, ಛಾ ಕುಡದ್ರ ಸರಿ ಹೋಗ್ತೈತಿ" ಎಂದ. ಎರಡು ಕಪ್ಪು ಚಹಾ ಕುಡಿದ. ಮೈಮೇಲೆ ಒಂದು ಬೊಬ್ಬೆ ಕೂಡ ಇರಲಿಲ್ಲ. ಆದರೂ ಆ ಬಣ್ಣದ ಹೊಗೆ ನನಗೆ ಸರಿ ಕಾಣಲಿಲ್ಲ. ನನಗೆ ಗೊತ್ತಿದ್ದವರಲ್ಲಿ ಇದನ್ನು ಬಲ್ಲವಳು ಒಬ್ಬಳೇ. ನಾಲ್ಕು ಗಂಟೆಗೆ ಫೋನು ಮಾಡಿದೆ. ಮೂರು ಸಲ. ಮೂರೂ ಸಲ ಎರಡು ರಿಂಗಿಗೇ ಕತ್ತರಿಸಿದೆ ನೀನು.

ಸಂಜೆ ಏಳಕ್ಕೆ ಉಬ್ಬಸ ಶುರುವಾಯಿತು. ದವಾಖಾನೆಗೆ ಸೇರಿಸುವಷ್ಟರಲ್ಲಿ ತುಟಿ ನೀಲಿಯಾಗಿತ್ತು. "ಹೊಗಿ ಕುಡದ ಕೂಡಲೇ ಯಾಕ ತರಲಿಲ್ರಿ?" ಎಂದು ಡಾಕ್ಟರು ನನ್ನನ್ನೇ ಕೇಳಿದರು.

ನಿನ್ನಿಂದ ಎಷ್ಟು ಪತ್ರ ಬಂದವು ಎಂದು ನಿನ್ನೆ ತೆಗೆದು ನೋಡಿದೆ. ನನಗೆ ಬರೆದದ್ದರಲ್ಲಿ ಒಂದನ್ನಾದರೂ ಆ ಕಚೇರಿಗೆ ಬರೆದಿದ್ದರೆ ಅವರು ಬಂದು ಬೀಗ ಹಾಕುತ್ತಿದ್ದರು. ನಾನು ನಿನ್ನನ್ನು ಹಾಳಾಗಿ ಹೋಗು ಎಂದು ಶಪಿಸುತ್ತಿದ್ದೆ. ಅವನು ಬದುಕಿರುತ್ತಿದ್ದ.

ರತ್ನವ್ವ

◆

ವಿದ್ಯಾನಗರ, ಹುಬ್ಬಳ್ಳಿ
18 ಮೇ 2024

ರತ್ನಾ,

ನಿನ್ನ ಕಾಗದ ಬಂದ ಮೇಲೆ ಒಂದು ವಾರ ಬರೆಯಲಾಗಲಿಲ್ಲ. ಈಗ ಬರೆಯುತ್ತಿರುವುದು ಕ್ಷಮೆ ಕೇಳುವುದಕ್ಕೆ ಅಲ್ಲ. ನೀನು ಕೊಡುವುದಿಲ್ಲ, ಕೊಡಬಾರದು ಕೂಡ.

ನೀನು ಫೋನು ಮಾಡಿದ ಹೊತ್ತಿಗೆ ನಾನು ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದೆ. ನಿನ್ನ ಹೆಸರು ನೋಡಿದೆ. ಗಿಳಿಹಸಿರಿನ ಮಾತಿಗೆ ಜಗಳ ತೆಗೆಯಲು ಮಾಡಿದ್ದಾಳೆ ಎಂದುಕೊಂಡೆ. ಕತ್ತರಿಸಿದೆ. ಎರಡನೇ ಸಲ ಕತ್ತರಿಸುವಾಗ ಸಂತೋಷವಾಯಿತು. ಮೂರನೇ ಸಲ ಇನ್ನೂ ಹೆಚ್ಚು. ಇದನ್ನು ಯಾರಿಗೂ ಹೇಳಿಲ್ಲ, ನಿನಗೇ ಹೇಳುತ್ತಿದ್ದೇನೆ.

ಎತ್ತಿದ್ದರೆ ಒಂದೇ ಮಾತು ಹೇಳುತ್ತಿದ್ದೆ: ಅವನು ಚೆನ್ನಾಗಿ ಕಂಡರೂ ಈಗಲೇ ದವಾಖಾನೆಗೆ ಒಯ್ಯಿ. ಆ ಕಂದು ಹೊಗೆಯ ಗುಣವೇ ಅದು. ಗಂಟಲು ಸ್ವಲ್ಪ ಉರಿಸಿ ಬಿಟ್ಟುಬಿಡುತ್ತದೆ. ಮನುಷ್ಯ ಎದ್ದು ಓಡಾಡುತ್ತಾನೆ, ಚಹಾ ಕುಡಿಯುತ್ತಾನೆ. ಕೆಲವು ತಾಸಿನ ಮೇಲೆ ಪುಪ್ಪುಸದಲ್ಲಿ ನೀರು ತುಂಬುತ್ತದೆ. ನಾಲ್ಕು ಗಂಟೆಗೆ ಆಮ್ಲಜನಕ ಹಚ್ಚಿ ನೋಡಿಕೊಂಡಿದ್ದರೆ ಉಳಿಯಬಹುದಿತ್ತು. ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದವರಿಗೆಲ್ಲ ಮೊದಲ ದಿನವೇ ನಾನು ಕಲಿಸುತ್ತಿದ್ದ ಪಾಠ ಇದು.

ಏಳು ಚೀಲ ಎಂದು ನೀನು ಬರೆದದ್ದನ್ನು ಓದಿದ್ದೆ. ಎಲ್ಲಿಟ್ಟಿದ್ದಿ ಎಂದು ಕೇಳುವುದು ನನ್ನ ಕೆಲಸವಾಗಿತ್ತು. ಗುಡಿಸು ಎಂದವಳು ಗುಡಿಸಿದ್ದನ್ನು ಏನು ಮಾಡಬೇಕೆಂದು ಹೇಳಲಿಲ್ಲ. ನೆಲ ಸ್ವಚ್ಛವಾಯಿತು, ಇನ್ನು ಕಚೇರಿಗೆ ಬರೆಯಬೇಕಾಗಿಲ್ಲ ಎಂಬ ನೆಮ್ಮದಿಯಲ್ಲಿ ಏಳು ಚೀಲ ನನ್ನ ಕಣ್ಣಿಗೆ ಕಾಣಲೇ ಇಲ್ಲ.

ಇವತ್ತು ಲೈಸನ್ಸು ಕಚೇರಿಗೆ ಕಳಿಸಿದ ಪತ್ರದ ನಕಲು ಇದು:

"2018ರಲ್ಲಿ ಗಬ್ಬೂರ ಗೋದಾಮಿನ ಬಗ್ಗೆ ನಾನು ಕೊಟ್ಟ ಪ್ರಮಾಣಪತ್ರ ಸುಳ್ಳು. ನಾನು ಗೋದಾಮಿನ ಒಳಗೆ ಹೋಗಿರಲಿಲ್ಲ. ನೆಲದ ಮೇಲೆ ಹೊಟ್ಟು ಇತ್ತು. ಇದೇ ಫೆಬ್ರುವರಿಯಲ್ಲಿ ಪರೀಕ್ಷೆಯಿಂದ ಅಪಾಯ ತಿಳಿದ ಮೇಲೂ ನನ್ನ ಹೆಸರು ಕೆಡುತ್ತದೆಂದು ನಿಮಗೆ ತಿಳಿಸಲಿಲ್ಲ. ನೆಲ ಗುಡಿಸಲು ಹೇಳಿದವಳು ನಾನು. ಗುಡಿಸಿದ್ದನ್ನು ಎಲ್ಲಿಡಬಾರದು ಎಂದು ಹೇಳದೆ ಬಿಟ್ಟವಳೂ ನಾನು. ಮೇ 2ರಂದು ಅದರಿಂದ ಎದ್ದ ಹೊಗೆ ಕುಡಿದು ಮಕ್ತುಮಸಾಬ ಎಂಬವರು ತೀರಿಕೊಂಡಿದ್ದಾರೆ. ವಿಚಾರಣೆಗೆ ಕರೆದಾಗ ಬರುತ್ತೇನೆ."

ಪ್ರಯೋಗಾಲಯ ಬಿಟ್ಟೆ. ಚರ್ಚಿನ ಕಮಿಟಿಗೂ ರಾಜೀನಾಮೆ ಬರೆದುಕೊಟ್ಟೆ.

ಡೋರಾ

◆

ಗಬ್ಬೂರ
4 ಜೂನ್ 2024

ಡೋರಾ,

ಕಚೇರಿಯವರು ಬಂದಿದ್ದರು. ಬೀಗ ಹಾಕಿ ಮುದ್ರೆ ಒತ್ತಿ ಹೋದರು. ದಾಸ್ತಾನನ್ನು ಅವರೇ ಸಾಗಿಸುತ್ತಾರಂತೆ. ಗುಡಿಸಿದ ಚೀಲಗಳನ್ನು ಹಮಾಲನಿಗೆ ಯಾರು ಕೊಟ್ಟರು ಎಂದು ಕೇಳಿದರು. ನಾನು ಕೊಟ್ಟೆ ಎಂದೆ. ಗುಡಿಸಲು ಯಾರು ಹೇಳಿದರು ಎಂದರು. ನಿನ್ನ ಪತ್ರಗಳನ್ನು ಮುಂದಿಟ್ಟೆ. ಎರಡನ್ನೂ ಬರೆದುಕೊಂಡರು. ನಿನ್ನನ್ನು ಉಳಿಸಲಿಲ್ಲ, ನನ್ನನ್ನೂ ಉಳಿಸಿಕೊಳ್ಳಲಿಲ್ಲ.

ನಿನ್ನ ಕಾಗದ ಓದಿ ನಿನ್ನ ಮೇಲಿನ ಸಿಟ್ಟು ಇಳಿಯಿತು ಎಂದುಕೊಳ್ಳಬೇಡ. ಇಳಿದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಮೊದಲು ನಿನ್ನನ್ನು ಬೈಯುತ್ತೇನೆ, ಆಮೇಲೆ ನನ್ನನ್ನು ಬೈದುಕೊಳ್ಳುತ್ತೇನೆ. ಸ್ನಾನ ಆಮೇಲೆ.

ಮಾಬುಬಿಯನ್ನು ನಮ್ಮ ಮನೆಗೇ ಕರೆತಂದಿದ್ದೇನೆ. ಅವಳು ಯಾರನ್ನೂ ಬೈಯುವುದಿಲ್ಲ, ಅದೇ ನನಗೆ ತಡೆಯಲಾಗದ್ದು. ದಿನಕ್ಕೆ ನಾಲ್ಕು ಸಲ ಒಂದೇ ಮಾತು ಕೇಳುತ್ತಾಳೆ: "ಅಕ್ಕಾರ, ಛಾ ಕುಡದ ನಕ್ಕೋತ ಕುಂತಿದ್ರಲ್ರಿ, ಮತ್ತ ಹೆಂಗ ಸತ್ರು? ನಾ ಛಾದಾಗ ಏನರ ತಪ್ಪ ಮಾಡಿದ್ನೇನ್ರಿ?" ತಾನು ಮಾಡಿದ ಚಹಾದಿಂದ ಗಂಡ ಸತ್ತನೋ ಎಂದು ಕೊರಗುತ್ತಿದ್ದಾಳೆ. ಅಲ್ಲ ಹುಚ್ಚಿ, ಹೊಗೆಯಿಂದ ಎಂದರೆ, "ಹೊಗಿ ನಾನೂ ಕುಡದೇನ್ರಿ, ನನಗೇನೂ ಆಗಿಲ್ಲ" ಎನ್ನುತ್ತಾಳೆ. ಪುಪ್ಪುಸ, ನೀರು ಎಂದು ನೀನು ಬರೆದದ್ದನ್ನು ನನಗೆ ತಿಳಿದಂತೆ ಹೇಳಿದೆ. ನಾನು ಅವಳನ್ನು ಸಮಾಧಾನ ಮಾಡಲು ಕಟ್ಟಿ ಹೇಳುತ್ತಿದ್ದೇನೆ ಎಂದುಕೊಂಡಳು.

ಹನ್ನೊಂದನೇ ತಾರೀಖು ಮಂಗಳವಾರ ಅವನ ನಲವತ್ತನೆಯ ದಿನ. ಅದರ ಪ್ರಾರ್ಥನೆಯನ್ನು ಅವನ ತಮ್ಮ ಇಲ್ಲಿ ನಮ್ಮ ಅಂಗಳದಲ್ಲೇ ಮಾಡಿಸುತ್ತಿದ್ದಾನೆ. ನೀನು ಬಾ. ನನ್ನ ಗೆಳತಿ ಎಂದು ಕರೆಯುತ್ತಿಲ್ಲ, ನಿನ್ನ ಸಂಗಡ ನನಗೆ ಮಾತಿಲ್ಲ. ಅವಳ ಮುಂದೆ ಕೂತು, ಆ ಹೊಗೆ ಏನು, ಅದು ಎಷ್ಟು ತಾಸು ಸುಮ್ಮನಿರುತ್ತದೆ, ನಾಲ್ಕು ಗಂಟೆಗೆ ಏನು ಮಾಡಬಹುದಿತ್ತು, ಯಾಕೆ ಆಗಲಿಲ್ಲ, ಎಲ್ಲವನ್ನೂ ನಿನ್ನ ಬಾಯಿಯಿಂದ ಹೇಳು. ಫೋನಿನ ಮಾತನ್ನೂ ಹೇಳು.

ಪತ್ರ ಮಾತ್ರ ಬರೆಯಬೇಡ. ಅವಳಿಗೆ ಓದಲು ಬರುವುದಿಲ್ಲ.

ರತ್ನವ್ವ